ಒಂಟೆ ನೀರು ಉಳಿಸುವ ಬಗೆ: ತಾರಸಿಯಲ್ಲೂ ಅಡುಗೆಮನೆಯಲ್ಲೂ ಮಾಡಿ ನೋಡಿ

ಒಂಟೆಗೆ ಡುಬ್ಬ ಯಾಕೆ ಅಂತ ಬೆಂಗಳೂರಿನ ಮಕ್ಕಳನ್ನು ಕೇಳಿ ನೋಡಿ. ‘ನೀರು ತುಂಬಿಡೋಕೆ’ ಅನ್ನುತ್ತಾರೆ. ಅಪ್ಪ ಅಮ್ಮಂದಿರೂ ಹೌದೆಂದು ತಲೆಯಾಡಿಸುತ್ತಾರೆ. ಆದರೆ ಡುಬ್ಬದಲ್ಲಿ ಇರುವುದು ಕೊಬ್ಬು. ನೀರಿಗೆ ಅಂತಲೇ ಪ್ರತ್ಯೇಕ ಟ್ಯಾಂಕು ಒಂಟೆಯ ಮೈಯಲ್ಲಿ ಎಲ್ಲೂ ಇಲ್ಲ. ಕುಡಿದ ನೀರು ಬೆವರಿನಲ್ಲಿ, ಉಸಿರಿನಲ್ಲಿ, ಮೂತ್ರದಲ್ಲಿ ಹೊರಗೆ ಹೋಗುತ್ತದಲ್ಲ, ಆ ದಾರಿಗಳನ್ನೆಲ್ಲ ಅದು ಬಿಗಿ ಹಿಡಿಯುತ್ತದೆ. ಮರುಭೂಮಿಯಲ್ಲಿ ಅದು ಬದುಕುವುದು ಹೀಗೆ.

ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಚೆನ್ನ. ಏಪ್ರಿಲ್ ರಜೆ ಇದಕ್ಕೆ ಸರಿಯಾದ ಸಮಯ. ಆಗ ನಮ್ಮೂರಿನ ಗಾಳಿ ಒಣಗಿರುತ್ತದೆ, ಬಿಸಿಲೂ ಜೋರು. ಮಳೆಗಾಲ ಶುರುವಾದ ಮೇಲೆ ಮಾಡಿದರೆ ಎರಡನೇ ಹೆಜ್ಜೆ ಕೈಕೊಡುತ್ತದೆ.

ಬೇಕಾದ ಸಾಮಾನು ಇಷ್ಟೇ: ಮಣ್ಣಿನ ಮಡಕೆ, ಸ್ಟೀಲ್ ಬಿಂದಿಗೆ, ಎರಡಕ್ಕೂ ಮುಚ್ಚಳ, ಅಳತೆ ಪಾತ್ರೆ, ಎಣ್ಣೆ ದೀಪ, ಸ್ಟೀಲ್ ಚೊಂಬು, ಎರಡು ತಟ್ಟೆ, ಒಂದು ಹಿಡಿ ಒಣದ್ರಾಕ್ಷಿ, ಸಕ್ಕರೆ. ಮಡಕೆಗೆ ಬಣ್ಣವಾಗಲಿ ವಾರ್ನಿಶ್ ಆಗಲಿ ಬಳಿದಿರಬಾರದು. ಪಾಟರಿ ಟೌನ್ ಕಡೆ ಹೋದರೆ ಅಂಥ ಮಡಕೆ ಸಿಗುತ್ತದೆ.

ಹೆಜ್ಜೆ 1: ದೀಪದಿಂದ ನೀರು

ಇದನ್ನು ದೊಡ್ಡವರು ಜೊತೆಗಿದ್ದು ಮಾಡಿಸಿ. ದೀಪ ಹಚ್ಚಿ. ಚೊಂಬಿಗೆ ಮಾಮೂಲಿ ನಲ್ಲಿ ನೀರು ತುಂಬಿ, ತಳವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಫ್ರಿಡ್ಜ್ ನೀರು ಬೇಡ. ಗಾಳಿಯಲ್ಲಿರುವ ತೇವವೇ ಚೊಂಬಿನ ಮೇಲೆ ಕೂತು ಲೆಕ್ಕ ತಪ್ಪಿಸುತ್ತದೆ. ಈಗ ಚೊಂಬನ್ನು ಜ್ವಾಲೆಯ ಮೇಲೆ, ತಾಗದಷ್ಟು ಎತ್ತರದಲ್ಲಿ, ಎರಡು ಮೂರು ಕ್ಷಣ ಹಿಡಿದು ತೆಗೆಯಿರಿ. ತಳದಲ್ಲಿ ತೆಳ್ಳಗೆ ಮಂಜು ಕಟ್ಟಿರುತ್ತದೆ. ಬೇಗ ನೋಡಿ, ಬೇಗ ಆರಿಹೋಗುತ್ತದೆ.

ಆ ನೀರು ಎಣ್ಣೆ ಉರಿದಾಗ ಹುಟ್ಟಿದ್ದು. ಎಣ್ಣೆಯೂ ಕೊಬ್ಬೇ ಅಲ್ವಾ? ಅದರಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂಟೆಯ ಜೀವಕೋಶಗಳಲ್ಲೂ, ನಮ್ಮ ಜೀವಕೋಶಗಳಲ್ಲೂ ಜ್ವಾಲೆ ಇಲ್ಲದೆ ನಡೆಯುವುದು ಇದೇ ಕ್ರಿಯೆ. 1 ಗ್ರಾಂ ಕೊಬ್ಬು ಕರಗಿದರೆ 1 ಗ್ರಾಮಿಗಿಂತ ಒಂಚೂರು ಜಾಸ್ತಿಯೇ ನೀರು ಬರುತ್ತದೆ.

ಹಾಗಾದರೆ ಡುಬ್ಬ ನೀರಿನ ಟ್ಯಾಂಕೇ ಆಯಿತಲ್ಲ ಅನ್ನಬೇಡಿ. ಅಷ್ಟು ಕೊಬ್ಬು ಕರಗಿಸಲು ಬೇಕಾದ ಆಮ್ಲಜನಕಕ್ಕಾಗಿ ಉಸಿರಾಡಬೇಕು. ಮರುಭೂಮಿಯ ಒಣಗಾಳಿಯಲ್ಲಿ ಪ್ರತಿ ಉಸಿರೂ ಒಂದಿಷ್ಟು ನೀರನ್ನು ಹೊತ್ತೊಯ್ಯುತ್ತದೆ. ಬಂದದ್ದರಲ್ಲಿ ಉಳಿಯುವುದು ಹೆಚ್ಚೇನಿಲ್ಲ. ಡುಬ್ಬ ಇರುವುದು ಮೇವಿಲ್ಲದ ದಿನಗಳಿಗೆ. ಕೊಬ್ಬೆಲ್ಲ ಬೆನ್ನ ಮೇಲೆ ಒಂದೇ ಕಡೆ ಇರುವುದರಿಂದ ಇನ್ನೊಂದು ಲಾಭವಿದೆ. ಮೈಯೆಲ್ಲ ಹರಡಿದ್ದರೆ ಒಳಗಿನ ಶಾಖ ಹೊರಬೀಳಲು ಅಡ್ಡವಾಗುತ್ತಿತ್ತು.

ಹೆಜ್ಜೆ 2: ಮಡಕೆ ಮತ್ತು ಬಿಂದಿಗೆ

ಇಡೀ ವಿಷಯದ ಜೀವಾಳ ಇದು. ನಿಧಾನವಾಗಿ, ಗಮನವಿಟ್ಟು ಮಾಡಿ.

ಮಡಕೆ ಹೊಸದಾದರೆ ಹಿಂದಿನ ದಿನವೇ ನೀರು ತುಂಬಿಟ್ಟು ನೆನೆಯಲು ಬಿಡಿ. ಇಲ್ಲದಿದ್ದರೆ ಮಣ್ಣೇ ಒಂದಿಷ್ಟು ನೀರು ಕುಡಿದುಬಿಡುತ್ತದೆ. ಬೆಳಿಗ್ಗೆ ಮಡಕೆಗೂ ಬಿಂದಿಗೆಗೂ ಅಳೆದು ಸಮನಾಗಿ ನೀರು ಹಾಕಿ, ಮುಚ್ಚಿ, ತಾರಸಿಯ ಬಿಸಿಲಲ್ಲಿ ಅಕ್ಕಪಕ್ಕ ಇಡಿ. ಸಂಜೆ ನಾಲ್ಕಕ್ಕೆ ಎರಡರಲ್ಲೂ ಕೈ ಅದ್ದಿ ನೋಡಿ. ಥರ್ಮಾಮೀಟರ್ ಬೇಕೇಬೇಕು ಅಂದರೆ ಲ್ಯಾಬ್‌ನಲ್ಲಿ ಬಳಸುವಂಥದ್ದು ತನ್ನಿ. ಜ್ವರ ನೋಡುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ನೀರನ್ನು ಮತ್ತೆ ಅಳೆಯಿರಿ.

ಮಡಕೆಯ ನೀರು ತಣ್ಣಗಿರುತ್ತದೆ, ಆದರೆ ಕಡಿಮೆಯಾಗಿರುತ್ತದೆ. ಬಿಂದಿಗೆಯ ನೀರು ಬಿಸಿಯಾಗಿರುತ್ತದೆ, ಆದರೆ ಹಾಕಿದಷ್ಟೂ ಹಾಗೇ ಇರುತ್ತದೆ. ಬಿಂದಿಗೆಯನ್ನು ರಾತ್ರಿ ಅಲ್ಲೇ ಬಿಡಿ. ಮುಂಜಾನೆ ನೋಡಿದರೆ ಅದೂ ತಣ್ಣಗಾಗಿರುತ್ತದೆ, ಒಂದು ಹನಿ ನೀರೂ ಖರ್ಚಾಗದೆ.

ಬಿಸಿಲಲ್ಲಿ ಮನುಷ್ಯ ಮಡಕೆಯ ಹಾಗೆ, ಬಾಯಾರಿದ ಒಂಟೆ ಬಿಂದಿಗೆಯ ಹಾಗೆ. ನಾವು ಬೆವರಿ ಬೆವರಿ ಮೈಯನ್ನು 37 ಡಿಗ್ರಿಯಲ್ಲಿ ಹಿಡಿದಿಡುತ್ತೇವೆ. 1 ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ತಂಪೇನೋ ಆಗುತ್ತದೆ, ಆದರೆ ಆ ಲೀಟರ್ ನೀರು ಹೋಯಿತು. ಬಾಯಾರಿದ ಒಂಟೆ ಹಗಲೆಲ್ಲ ತನ್ನ ಮೈಯನ್ನು ಸುಮ್ನೆ ಬಿಸಿಯಾಗಲು ಬಿಡುತ್ತದೆ. ಮುಂಜಾನೆ 34 ಡಿಗ್ರಿ ಆಸುಪಾಸಿನಲ್ಲಿದ್ದ ಮೈ ಮಧ್ಯಾಹ್ನದ ಹೊತ್ತಿಗೆ 41ರ ಹತ್ತಿರ ಹೋಗುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆಯೇ ಬೆವರು ಜೋರಾಗುವುದು. ಹಗಲು ಸೇರಿದ ಶಾಖ ಮರುಭೂಮಿಯ ಚಳಿ ರಾತ್ರಿಯಲ್ಲಿ ತಾನಾಗಿ ಇಳಿಯುತ್ತದೆ.

ಇದರಿಂದ ಉಳಿಯುವ ನೀರೆಷ್ಟು? ಲೆಕ್ಕ ಹಾಕೋಣ. 1 ಕಿಲೋ ಮೈ 1 ಡಿಗ್ರಿ ಬಿಸಿಯಾಗಲು ಸುಮಾರು 0.8 ಕಿಲೋಕ್ಯಾಲೊರಿ ಬೇಕು. 500 ಕಿಲೋ ತೂಕದ ಒಂಟೆ 7 ಡಿಗ್ರಿ ಬಿಸಿಯಾದರೆ 2,800 ಕಿಲೋಕ್ಯಾಲೊರಿ. ಅಷ್ಟನ್ನೂ ಬೆವರಿನಿಂದ ಹೊರಹಾಕಲು ಹೋದರೆ ಹತ್ತಿರ ಹತ್ತಿರ 5 ಲೀಟರ್ ನೀರು ಬೇಕು. ಅದೂ ದಿನಕ್ಕೆ! ಇಷ್ಟು ಸರಳವಾದ ಉಪಾಯದಿಂದ ಇಷ್ಟು ದೊಡ್ಡ ಉಳಿತಾಯ ಅನ್ನುವುದು ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಬೆರಗೇ.

ಇದನ್ನು ಮೊದಲು ಅಳೆದು ತೋರಿಸಿದವರು ಕ್ನೂಟ್ ಶ್ಮಿಟ್-ನೀಲ್ಸನ್ ಮತ್ತು ಅವರ ಪತ್ನಿ ಬೋಡಿಲ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಕ್ನೂಟ್, 1953–54ರಲ್ಲಿ ಅಲ್ಜೀರಿಯದ ಸಹಾರಾದೊಳಗಿನ ಬೆನಿ ಅಬ್ಬೆಸ್ ಎಂಬ ಊರಿನಲ್ಲಿ ಸಂಸಾರ ಸಮೇತ ಉಳಿದು ಒಂಟೆಗಳನ್ನು ಅಭ್ಯಾಸ ಮಾಡಿದರು. ಚೆನ್ನಾಗಿ ನೀರು ಕುಡಿದ ಒಂಟೆಯ ಮೈಬಿಸಿ ದಿನಕ್ಕೆ ಎರಡು ಡಿಗ್ರಿಯಷ್ಟೇ ಏರಿಳಿಯುತ್ತದೆ ಎಂಬುದೂ ಅಲ್ಲಿ ಗೊತ್ತಾಯಿತು. ನೀರಿಲ್ಲದಾಗ ಮಾತ್ರ ಈ ಉಪಾಯ. ಕೂದಲು ಕತ್ತರಿಸಿದ ಒಂಟೆ ಇನ್ನೂ ಅರ್ಧದಷ್ಟು ಹೆಚ್ಚು ನೀರು ಕಳೆದುಕೊಂಡಿತು. ಬಿಸಿಲಿಗೆ ಉಣ್ಣೆ ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ. ಉಣ್ಣೆ ಬಿಸಿಲನ್ನು ಹೊರಗೇ ತಡೆಯುತ್ತದೆ.

ಹೆಜ್ಜೆ 3: ಉಸಿರಿನ ತೇವ

ಬೆಳಗಿನ ಹೊತ್ತು ಮಾಡಿ. ಒಂದು ತಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿ. ಇನ್ನೊಂದು ಹಾಗೇ ಇರಲಿ. ಎರಡರ ಮೇಲೂ ‘ಹಾ’ ಎಂದು ಉಸಿರು ಬಿಡಿ. ತಣ್ಣಗಿನ ತಟ್ಟೆ ಮಂಜಾಗುತ್ತದೆ, ಬಿಸಿಯದು ಆಗುವುದಿಲ್ಲ.

ಒಂಟೆಯ ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಎಲುಬುಗಳಿವೆ. ರಾತ್ರಿ ಒಳಗೆ ಹೋಗುವ ತಣ್ಣನೆ ಗಾಳಿ ಆ ಗೋಡೆಗಳನ್ನು ತಂಪು ಮಾಡುತ್ತದೆ. ಹೊರಗೆ ಬರುವ ಉಸಿರು ಅದೇ ಗೋಡೆಗಳಿಗೆ ತಾಗಿ ತೇವವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಬಾಯಾರಿದ ಒಂಟೆಯಲ್ಲಿ ಗೋಡೆಯ ಮೇಲಿನ ಒಣಗಿದ ಪದರ ಇನ್ನಷ್ಟು ತೇವ ಹೀರುತ್ತದೆ. ಮೂಗಿನಲ್ಲಿ ತಂಪಾದ ರಕ್ತ, ಮಿದುಳಿಗೆ ಹೋಗುವ ಬಿಸಿ ರಕ್ತದ ಪಕ್ಕದಲ್ಲೇ ಹಾದು ಅದನ್ನೂ ತಣಿಸುತ್ತದೆ. ಮೈ 41 ಡಿಗ್ರಿ ಆದರೂ ತಲೆ ಕೆಡದಿರುವುದು ಅದಕ್ಕೇ.

ಹೆಜ್ಜೆ 4: ಮೂತ್ರ

ಇದಕ್ಕೆ ಪ್ರಯೋಗ ಬೇಡ, ತಿಳಿದುಕೊಂಡರೆ ಸಾಕು. ಒಂಟೆಯ ಮೂತ್ರ ಸಮುದ್ರದ ನೀರಿಗಿಂತಲೂ ಗಾಢವಾಗಬಲ್ಲದು. ಮೇವಿನಲ್ಲಿ ಪ್ರೋಟೀನ್ ಕಡಿಮೆಯಾದರೆ ಯೂರಿಯಾವನ್ನೂ ಹೊರಗೆ ಬಿಡದೆ ಹೊಟ್ಟೆಗೆ ವಾಪಸ್ ಕಳಿಸುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದರಿಂದ ಮತ್ತೆ ಪ್ರೋಟೀನ್ ತಯಾರಿಸುತ್ತವೆ. ಹೊರಹಾಕಬೇಕಾದ ಕಸ ಕಡಿಮೆ, ಅದಕ್ಕೆ ಬೇಕಾದ ನೀರೂ ಕಡಿಮೆ. ಹಿಕ್ಕೆ ಎಷ್ಟು ಒಣಗಿರುತ್ತದೆಂದರೆ ಹಾಗೇ ಒಲೆಗೆ ಹಾಕಬಹುದು.

ಹೆಜ್ಜೆ 5: ದ್ರಾಕ್ಷಿ ನೆನೆಸಿ

ರಾತ್ರಿ ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಕುಡಿಯುವ ನೀರು, ಇನ್ನೊಂದರಲ್ಲಿ ಗಟ್ಟಿ ಸಕ್ಕರೆ ಪಾಕ. ಎರಡಕ್ಕೂ ಒಣದ್ರಾಕ್ಷಿ ಹಾಕಿ. ಬೆಳಿಗ್ಗೆ ನೀರಿನಲ್ಲಿದ್ದವು ಉಬ್ಬಿರುತ್ತವೆ, ಕೆಲವು ಬಿರಿದೂ ಇರಬಹುದು. ಪಾಕದಲ್ಲಿದ್ದವು ಅಷ್ಟಾಗಿ ಉಬ್ಬಿರುವುದಿಲ್ಲ. ಹೊರಗಿನ ನೀರು ತೆಳುವಾಗಿ, ಒಳಗೆ ಗಾಢವಾಗಿದ್ದರೆ ನೀರು ಒಳಕ್ಕೆ ನುಗ್ಗುತ್ತದೆ.

ರಕ್ತದ ಕೆಂಪುಕಣಕ್ಕೂ ಈ ಅಪಾಯ ಇದೆ. ದಾಹದಿಂದ ಬಂದ ಒಂಟೆ ಹತ್ತು ನಿಮಿಷ ಆಸುಪಾಸಿನಲ್ಲಿ 100 ಲೀಟರ್ ನೀರು ಕುಡಿಯಬಲ್ಲದು, ಅಂದರೆ ನಮ್ಮ ಮನೆಗಳಿಗೆ ಬರುವ 20 ಲೀಟರಿನ ಕ್ಯಾನ್ ಐದು! ರಕ್ತ ಒಮ್ಮೆಲೇ ತೆಳುವಾಗುತ್ತದೆ. ಬೇರೆ ಪ್ರಾಣಿಗಳ ಕೆಂಪುಕಣ ಒಂದೂವರೆ ಪಟ್ಟು ಉಬ್ಬುವಷ್ಟರಲ್ಲಿ ಒಡೆಯುತ್ತದೆ. ಒಂಟೆಯದು ಮೊಟ್ಟೆಯಾಕಾರದ ಕಣ, ಎರಡು ಪಟ್ಟಿಗಿಂತ ಜಾಸ್ತಿ ಉಬ್ಬಿದರೂ ಒಡೆಯದು.

ದಾಹದ ದಿನಗಳಲ್ಲೂ ರಕ್ತಕ್ಕೇ ಮೊದಲ ಕಾವಲು. ಒಂಟೆ ಮೈತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡೂ ಬದುಕುತ್ತದೆ. ಆ ನೀರಿನ ಬಹುಪಾಲು ಹೋಗುವುದು ಕರುಳು, ಮಾಂಸಗಳಿಂದ. ರಕ್ತ ತೆಳುವಾಗಿಯೇ ಹರಿಯುತ್ತಿರುತ್ತದೆ. ನಮ್ಮಲ್ಲಿ ಹಾಗಲ್ಲ. ಅದರ ಅರ್ಧದಷ್ಟು ನೀರು ಹೋದರೂ ರಕ್ತ ಮಂದವಾಗಿ, ಒಳಗಿನ ಶಾಖವನ್ನು ಚರ್ಮದವರೆಗೆ ತರಲಾರದೆ ಪ್ರಾಣಕ್ಕೇ ಬರುತ್ತದೆ. ಆದ್ದರಿಂದ ತಾರಸಿಯ ಪ್ರಯೋಗ ಮಾಡುವಾಗ ಮಕ್ಕಳನ್ನು ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡಿ. ಇಟ್ಟು ಬನ್ನಿ, ಅಳೆಯಲು ಮಾತ್ರ ಹೋಗಿ. ಹೋಗುವ ಮುಂಚೆ ಎಲ್ಲರೂ ಒಂದೊಂದು ಲೋಟ ನೀರು ಕುಡಿಯಿರಿ.