ನಾಲ್ಕು ಜಿಬಿ ಯಂತ್ರದಲ್ಲಿ ಬ್ರೌಸರ್‌ಗೆ ಬೇಲಿ ಹಾಕಿದ್ದು: ನನ್ನ ಅನುಭವ

ಮೆಮೊರಿ ತುಂಬಿ ಲಿನಕ್ಸ್ ಯಂತ್ರ ಹೆಪ್ಪುಗಟ್ಟುತ್ತದೆ ಎಂದರೆ ಸ್ವಾಪಿನೆಸ್ ಅನ್ನು 10ಕ್ಕೆ ಇಳಿಸಿ ಎಂದು ನನಗೆ ಹೇಳದವರಿಲ್ಲ. ಮೆಮೊರಿಯಲ್ಲಿರುವುದನ್ನು ಸ್ವಾಪ್‌ಗೆ, ಅಂದರೆ ಸಾಮಾನ್ಯವಾಗಿ ಡಿಸ್ಕ್‌ನಲ್ಲಿರುವ ಮೀಸಲು ಜಾಗಕ್ಕೆ, ಲಿನಕ್ಸ್‌ನ ತಿರುಳಾದ ಕರ್ನೆಲ್ ಎಷ್ಟು ಧಾರಾಳವಾಗಿ ಸಾಗಿಸಬೇಕು ಎಂದು ಹೇಳುವ ಸಂಖ್ಯೆ ಅದು. ನಾನು 150ಕ್ಕೆ ಏರಿಸಿದ್ದೇನೆ. ಏರಿಸಿ ಏಳು ತಿಂಗಳಾಯಿತು. ಅಂದಿನಿಂದ ಪವರ್ ಗುಂಡಿ ಒತ್ತಿ ಹಿಡಿದು ಯಂತ್ರದ ಕತ್ತು ಹಿಸುಕುವ ಪ್ರಮೇಯ ಒಮ್ಮೆಯೂ ಬಂದಿಲ್ಲ. ಆಗ ನಕ್ಕವರಲ್ಲಿ ಇಬ್ಬರು ಈಗ ತಮ್ಮ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದು ಹೋಗಿದ್ದಾರೆ. ಇದನ್ನು ಬರೆಯಲು ಅಷ್ಟು ಕಾರಣ ಸಾಕು.

ಹನುಮಂತನಗರದಲ್ಲಿ ನನ್ನದು ಎಂಟಡಿ ಅಗಲದ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ನಡುನಡುವೆ ಸಣ್ಣ ಪ್ರಕಾಶಕರ ಪುಸ್ತಕಗಳ ಪುಟವಿನ್ಯಾಸ. ಬೆಳಗಿನ ಹೊತ್ತು ಅರ್ಜಿ ತುಂಬಿಸಿಕೊಳ್ಳುವವರ ಸಾಲು. ಯಂತ್ರವನ್ನು ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು, ಏಳೂವರೆ ಸಾವಿರವೋ ಏನೋ ಕೊಟ್ಟ ನೆನಪು: ನಾಲ್ಕನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, ತಿರುಗುವ 500 ಜಿಬಿ ಡಿಸ್ಕ್. ಅದರ ಮೇಲೆ ಲಿನಕ್ಸ್ ಮಿಂಟ್ 21, ಸಿನಮನ್ ಡೆಸ್ಕ್‌ಟಾಪ್.

ರೋಗ ಹೀಗೆ ಬರುತ್ತಿತ್ತು. ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್, ಪಕ್ಕದಲ್ಲಿ ಲಿಬ್ರೆ ಆಫೀಸ್. ಮೊದಲು ಮೌಸ್ ಬಾಣ ಕುಪ್ಪಳಿಸುತ್ತದೆ. ಆಮೇಲೆ ಕೆಳಪಟ್ಟಿಯ ಗಡಿಯಾರ 11:42ಕ್ಕೆ ನಿಲ್ಲುತ್ತದೆ. ಡಿಸ್ಕ್‌ನ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯುತ್ತದೆ. ನಮ್ ಲಾಕ್ ಒತ್ತಿದರೆ ಅದರ ದೀಪ ಹತ್ತು ಹದಿನೈದು ಸೆಕೆಂಡು ಬಿಟ್ಟು ಹೊತ್ತಿಕೊಳ್ಳುತ್ತದೆ. ಅಂದರೆ ಜೀವ ಹೋಗಿಲ್ಲ, ಮೇಲುಸಿರು ನಡೆಯುತ್ತಿದೆ. ಕಾದರೆ ಒಮ್ಮೊಮ್ಮೆ ಇಪ್ಪತ್ತು ನಿಮಿಷಕ್ಕೆ ಎಚ್ಚರಾಗುತ್ತಿತ್ತು. ಆದರೆ ಆಧಾರ್ ಪ್ರತಿ ಹಿಡಿದು ನಿಂತವರು ಇಪ್ಪತ್ತು ನಿಮಿಷ ಕಾಯುತ್ತಾರೆಯೇ? ಗುಂಡಿ ಒತ್ತಿ ಆರಿಸುತ್ತಿದ್ದೆ.

ಹಾಗೆ ಆರಿಸಿದ ಒಂದು ದಿನ ಮುಹೂರ್ತದ ಹೊತ್ತು ತಿದ್ದಿದ ಲಗ್ನಪತ್ರಿಕೆಯ ಕಡತ ಉಳಿಯಲಿಲ್ಲ. ಹಳೆಯ ಪ್ರತಿಯೇ ಪ್ರೆಸ್ಸಿಗೆ ಹೋಯಿತು. 9:40 ಇರಬೇಕಾದ ಕಡೆ 10:20. ಮುನ್ನೂರು ಪತ್ರಿಕೆ ಕೈಯಿಂದ ದುಡ್ಡು ಹಾಕಿ ಮರುಮುದ್ರಣ ಮಾಡಿಸಿಕೊಟ್ಟೆ, ನಾಲ್ಕು ಸಾವಿರದ ಮೇಲೆ ಬಿತ್ತು. ಆ ಮನೆಯವರು ಈಗ ಬೇರೆ ಅಂಗಡಿಗೆ ಹೋಗುತ್ತಾರೆ, ನನ್ನ ಬಾಗಿಲ ಮುಂದೆಯೇ ಹಾದು.

ಇನ್ನು ಖರ್ಚಿನ ಕಥೆ. ಮೊದಲು ಬಂದ ತಂತ್ರಜ್ಞ ಫಾರ್ಮ್ಯಾಟ್ ಮಾಡಿ ಐನೂರು ತೆಗೆದುಕೊಂಡ. ಮೂರನೇ ದಿನಕ್ಕೆ ಗಡಿಯಾರ ಮತ್ತೆ ನಿಂತಿತು. ಎರಡನೆಯವನು ರ‍್ಯಾಮ್ ಹಾಕಿಸಿ ಎಂದ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಒಂದು ಗಲ್ಲಿಯಂಗಡಿಯಲ್ಲಿ 4 ಜಿಬಿಯ ಹಳೆಯ ಡಿಡಿಆರ್3 ಪಟ್ಟಿಗೆ ಎಂಟುನೂರು ಕೊಟ್ಟು ತಂದೆ. ಅದನ್ನು ಹಾಕಿದ ಮೇಲೆ ಹೆಪ್ಪುಗಟ್ಟುವುದರ ಜತೆಗೆ ಟ್ಯಾಬ್‌ಗಳು ತಮ್ಮಷ್ಟಕ್ಕೆ ಸಾಯತೊಡಗಿದವು. ಒಂದು ವಾರ ಬ್ರೌಸರನ್ನೇ ಬೈದೆ. ಕೊನೆಗೆ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಬೆಳಿಗ್ಗೆ ಬಂದು ನೋಡಿದರೆ ಪರದೆಯ ತುಂಬ ಕೆಂಪು ಸಾಲು. ಪಟ್ಟಿ ಹಿಂದಕ್ಕೆ ಒಯ್ದಾಗ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಹೊಸ್ತಿಲು ದಾಟಿದ ಮಾಲಿಗೆ ತಾನು ಜವಾಬ್ದಾರನಲ್ಲ ಎಂದ. ಪಟ್ಟಿ ಈಗ ನನ್ನ ಬೀಗದ ಕೈಗೊಂಚಲಿನಲ್ಲಿದೆ.

ಆಮೇಲೆ 240 ಜಿಬಿಯ ಎಸ್‌ಎಸ್‌ಡಿ, ಸಾವಿರದ ಏಳುನೂರರ ಆಸುಪಾಸು. ಇದರಿಂದ ಲಾಭವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತು ನಿಮಿಷದ ಮೂರ್ಛೆ ಮೂರು ನಾಲ್ಕು ನಿಮಿಷಕ್ಕೆ ಇಳಿಯಿತು. ಮೂರ್ಛೆ ಮಾತ್ರ ಹೋಗಲಿಲ್ಲ.

ದುಡ್ಡಿಲ್ಲದ ಉಪಾಯಗಳೂ ಆದವು. ಹೊಸ ಪ್ರೊಫೈಲ್, ಹಾರ್ಡ್‌ವೇರ್ ಆ್ಯಕ್ಸಲರೇಶನ್ ಬಂದ್, ಆಡ್-ಆನ್‌ಗಳೆಲ್ಲ ಬಂದ್. ಫೈರ್‌ಫಾಕ್ಸ್ ಬಿಟ್ಟು ಕ್ರೋಮಿಯಂ ಹಾಕಿದೆ. ಗಡಿಯಾರ ಅಲ್ಲಿಯೂ ನಿಂತಿತು, ಫೈರ್‌ಫಾಕ್ಸ್‌ಗೇ ಮರಳಿದೆ. ನನ್ನ ಅತಿಬುದ್ಧಿ ಕೈಕೊಟ್ಟದ್ದು ಸ್ವಾಪ್ ವಿಷಯದಲ್ಲಿ. ಡಿಸ್ಕ್ ದೀಪ ಉರಿಯುವುದು ಸ್ವಾಪ್‌ನಿಂದ ತಾನೇ, ಸ್ವಾಪನ್ನೇ ತೆಗೆದುಬಿಟ್ಟರೆ ಎಂದು ಸ್ವಾಪ್‌ಆಫ್ ಮಾಡಿದೆ. ದೀಪ ಮೊದಲಿಗಿಂತ ಜೋರಾಗಿ ಉರಿಯಿತು! ಸ್ವಾಪ್ ಇಲ್ಲದಾಗ ಕರ್ನೆಲ್‌ಗೆ ಹೊರಗೆ ಎಸೆಯಲು ಉಳಿಯುವುದು ಓಡುತ್ತಿರುವ ಪ್ರೋಗ್ರಾಮ್‌ಗಳ ಕೋಡ್ ಇರುವ ಪುಟಗಳೇ (ಪುಟ ಎಂದರೆ ಮೆಮೊರಿಯ ಒಂದು ಸಣ್ಣ ತುಂಡು). ಎಸೆಯುತ್ತದೆ, ಮರುಕ್ಷಣ ಬೇಕಾಗುತ್ತದೆ, ಡಿಸ್ಕ್‌ನಿಂದ ಮತ್ತೆ ಓದುತ್ತದೆ, ಮತ್ತೆ ಎಸೆಯುತ್ತದೆ. ಎಸೆದ ಪುಟಗಳಲ್ಲಿ ಸಿನಮನ್‌ನವೂ ಇರುತ್ತವೆ. ಗಡಿಯಾರ ನಿಲ್ಲುವುದು ಅದಕ್ಕೆ.

ಸ್ವಾಪ್ ಮತ್ತೆ ಹಾಕಿದೆ. ಮೆಮೊರಿ ತಿನ್ನುತ್ತಿರುವವರು ಯಾರು ಎಂದು ಗೊತ್ತಾದದ್ದು ಫೋನಿನಿಂದ. ಹೆಪ್ಪುಗಟ್ಟಿದ ಮೇಲೆ ಒಳಗೆ ಹೋಗಲು ನೋಡಿದರೆ, ಬೇರೆ ಸಾಧನದಿಂದ ಒಳಹೊಗುವ ದಾರಿಯಾದ ಎಸ್‌ಎಸ್‌ಎಚ್ ಕೂಡ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಫೋನಿನ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್‌ನಿಂದ ಒಳಗೆ ಹೋಗಿ, ಮೆಮೊರಿಯ ಸ್ಥಿತಿ ತೋರಿಸುವ ವಿಎಂಸ್ಟ್ಯಾಟ್ ಅನ್ನು ಸೆಕೆಂಡಿಗೊಮ್ಮೆ ಓಡುವಂತೆ ಬಿಟ್ಟು, ಫೋನನ್ನು ಗೋಂದಿನ ಬಾಟಲಿಗೆ ಒರಗಿಸಿ ಇಡುತ್ತಿದ್ದೆ. ಎರಡನೇ ದಿನ ಸಿಕ್ಕಿತು. ಸ್ವಾಪ್‌ನಿಂದ ಬರುವುದನ್ನೂ ಅಲ್ಲಿಗೆ ಹೋಗುವುದನ್ನೂ ತೋರಿಸುವ ಎಸ್‌ಐ, ಎಸ್‌ಒ ಕಾಲಮ್‌ಗಳಲ್ಲಿ ಸೊನ್ನೆ ಇದ್ದದ್ದು ಸಾವಿರಗಳಾದವು, ಪ್ರೊಸೆಸರ್ ಡಿಸ್ಕ್‌ಗಾಗಿ ಕಾಯುವ ಶೇಕಡಾವಾರು, ಅಂದರೆ ಡಬ್ಲ್ಯುಎ, ತೊಂಬತ್ತು ದಾಟಿತು, ಬಾಣ ಆಮೇಲೆ ಕುಪ್ಪಳಿಸಿತು. ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ಕೊಡುವ ಟಾಪ್‌ನಲ್ಲಿ, ಮೆಮೊರಿ ಖಾಲಿ ಮಾಡುವ ಕರ್ನೆಲ್‌ನ ಆಳು ಕೆಸ್ವಾಪ್‌ಡಿ0 ಮೇಲೆ ಕುಳಿತಿತ್ತು, ಅದರ ಕೆಳಗೆ ‘ಐಸೋಲೇಟೆಡ್ ವೆಬ್ ಕೊ’ ಎಂಬ ಹೆಸರಿನ ಆರೇಳು ಪ್ರೋಸೆಸ್‌ಗಳು. ‘ಕೊ’ ಅಂದರೆ ಕಂಪನಿ, ಯಾವುದೋ ಕಂಪನಿಯ ವೈರಸ್ ಹೊಕ್ಕಿದೆ ಎಂದುಕೊಂಡು ಅರ್ಧ ದಿನ ಹಾಳು ಮಾಡಿದೆ. ಹೆಸರಿಗೆ ಹದಿನೈದೇ ಅಕ್ಷರದ ಜಾಗ, ‘ಕಂಟೆಂಟ್’ ಎಂಬುದರ ಬಾಲ ಕತ್ತರಿಸಿ ಹೋಗಿತ್ತು. ಅವು ನನ್ನವೇ ಟ್ಯಾಬ್‌ಗಳು.

ಅಲ್ಲಿಗೆ ನನ್ನ ದಾರಿ ಬದಲಾಯಿತು. ಬ್ರೌಸರ್ ತಿನ್ನುವುದೇ ಹಾಗೆ, ತಿನ್ನಲಿ. ಅದನ್ನು ರಿಪೇರಿ ಮಾಡುವ ಬದಲು ಡೆಸ್ಕ್‌ಟಾಪಿನ ಅನ್ನ ಕಿತ್ತುಕೊಳ್ಳದಂತೆ ನೋಡಿಕೊಂಡರಾಯಿತು.

ಮೊದಲು ಝಡ್‌ರ‍್ಯಾಮ್. ರ‍್ಯಾಮ್‌ನಲ್ಲೇ ಒಂದು ಭಾಗವನ್ನು ಸ್ವಾಪ್ ಆಗಿಸಿ, ಅಲ್ಲಿಗೆ ಹೋದದ್ದನ್ನು ಕುಗ್ಗಿಸಿ ಇಡುವ ಏರ್ಪಾಡು. ಇದನ್ನು ಕೇಳಿದ ಅಕ್ಕನ ಮಗ, ಅವನು ಸಾಫ್ಟ್‌ವೇರ್ ಎಂಜಿನಿಯರ್, ನಕ್ಕ. “ಇರುವುದೇ ನಾಲ್ಕು ಜಿಬಿ, ಅದರಲ್ಲೇ ತೆಗೆದು ಅದರಲ್ಲೇ ಸ್ವಾಪ್ ಮಾಡುತ್ತೀಯಾ ಮಾವ? ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದರೆ ಶ್ರೀಮಂತನಾಗುತ್ತೀಯಾ?” ನಮ್ಮ ಅಮ್ಮನ ಟ್ರಂಕಿನಲ್ಲಿ ನಲವತ್ತು ಸೀರೆ ಇವೆ, ಬಿಡಿಸಿ ಹರವಿದರೆ ಮನೆ ಸಾಲದು ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಝಡ್‌ರ‍್ಯಾಮ್-ಟೂಲ್ಸ್ ಹಾಕಿ, ಕುಗ್ಗಿಸುವ ವಿಧಾನ ಝಡ್‌ಎಸ್‌ಟಿಡಿ, ರ‍್ಯಾಮ್‌ನ ಶೇ 50 ಎಂದು ಬರೆದೆ. ಒಂದು ವಾರದ ನಂತರ ಝಡ್‌ರ‍್ಯಾಮ್‌ಸಿಟಿಎಲ್ ತೋರಿಸಿದ್ದು: ಒಳಗೆ ಹೋದದ್ದು 1.6 ಜಿಬಿ, ಮಡಿಸಿದ ಮೇಲೆ ಸುಮಾರು 450 ಎಂಬಿ. ಆ ಪರದೆಯ ಫೋಟೊ ತೆಗೆದು ಅವನಿಗೆ ಕಳಿಸಿದೆ. ಉತ್ತರ ಬರಲಿಲ್ಲ.

ಸ್ವಾಪ್ ರ‍್ಯಾಮ್‌ನಲ್ಲೇ ಇರುವಾಗ ಅಲ್ಲಿಗೆ ಹೋಗಿ ಬರುವುದು ಅಗ್ಗ. ಹಾಗಿರುವಾಗ ಕರ್ನೆಲ್ ಜಿಪುಣತನ ಮಾಡಬೇಕಾಗಿಲ್ಲ. 10 ಎಂಬುದು ತಿರುಗುವ ಡಿಸ್ಕ್ ಕಾಲದ ಬುದ್ಧಿ. 5.8ರಿಂದ ಈಚಿನ ಕರ್ನೆಲ್‌ಗಳು 200ರ ವರೆಗೆ ಒಪ್ಪುತ್ತವೆ. 100 ಇಟ್ಟು ನೋಡಿದೆ, 180 ಇಟ್ಟು ನೋಡಿದೆ, 150ರಲ್ಲಿ ನೆಲೆ ನಿಂತೆ. ಸ್ವಾಪ್‌ನಿಂದ ಒಂದು ಸಲಕ್ಕೆ ಎಷ್ಟು ಪುಟ ತರಬೇಕು ಎನ್ನುವ ಪೇಜ್-ಕ್ಲಸ್ಟರ್ ಅನ್ನು 3ರಿಂದ (ಅಂದರೆ ಎಂಟು ಪುಟ) 0ಗೆ (ಒಂದೇ ಪುಟ) ಇಳಿಸಿದ್ದೂ ಇದೇ ದಿನಗಳಲ್ಲಿ; ಮಡಿಸಿಟ್ಟದ್ದರಲ್ಲಿ ಒಂದು ಬೇಕಾದಾಗ ಎಂಟನ್ನು ಬಿಚ್ಚುವುದೇಕೆ?

ಎರಡನೆಯದು ಬೇಲಿ. ಬ್ರೌಸರ್‌ನ ಐಕಾನ್ ಒತ್ತಿದರೆ ಅದು ಸಿಸ್ಟಮ್‌ಡಿ-ರನ್ ಎಂಬ ಆದೇಶದ ಮೂಲಕ, ಬಳಕೆದಾರನ ಸ್ಕೋಪ್‌ನಲ್ಲಿ, ಅಂದರೆ ತನ್ನದೇ ಪ್ರತ್ಯೇಕ ಗುಂಪಿನಲ್ಲಿ, ಮೆಮೊರಿ ಮಿತಿಯೊಂದಿಗೆ ತೆರೆಯುವಂತೆ ಮಾಡಿದೆ. ಮೊದಲು ಮೆಮೊರಿಹೈ ಎಂಬ ಮೆದು ಮಿತಿ ಒಂದನ್ನೇ ಹಾಕಿದೆ. ಡೆಸ್ಕ್‌ಟಾಪ್ ನಯವಾಗಿ ಓಡಿತು, ಬ್ರೌಸರ್ ಮಾತ್ರ ಕೆಸರಿಗಿಳಿದ ಎಮ್ಮೆಯಾಯಿತು. ಮಿತಿ ಮುಟ್ಟಿದಾಗ ಕೊಲ್ಲುವುದಿಲ್ಲ, ಎಳೆದು ಎಳೆದು ಸುಸ್ತು ಮಾಡುತ್ತದೆ. ಆಮೇಲೆ ಮೆಮೊರಿಮ್ಯಾಕ್ಸ್, ದಾಟಲು ಹೋದರೆ ಕೊಲ್ಲುವ ಗಟ್ಟಿ ಮಿತಿ. 1.5 ಜಿಬಿ ಕೊಟ್ಟಾಗ ಅರ್ಜಿಯ ಟ್ಯಾಬ್ ಒಟಿಪಿ ಬರುವ ಹೊತ್ತಿಗೆ ಸರಿಯಾಗಿ ಸತ್ತಿತು. ಒಂದು ಸಲ ಇಡೀ ಬ್ರೌಸರೇ ಉರುಳಿತು. ಸ್ವಾಪ್‌ಗೆ ಬೇರೆಯೇ ಮಿತಿ ಕೊಡಬೇಕು ಎಂಬುದು ತಿಳಿಯಲು ಇನ್ನೂ ಎರಡು ವಾರ ಹಿಡಿಯಿತು. ಈಗ ಹೈ, ಮ್ಯಾಕ್ಸ್, ಸ್ವಾಪ್‌ಮ್ಯಾಕ್ಸ್ ಮೂರೂ ಇವೆ. ನನ್ನ ಮೂರು ಸಂಖ್ಯೆಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಯಂತ್ರಕ್ಕೆ ಅವು ಹೊಂದುವುದೂ ಇಲ್ಲ. ಸಿನಮನ್‌ಗೆ ಕಟ್ಟಿದ ಇನ್ನೊಂದು ರಕ್ಷೆಯಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಅರ್ಲಿಊಮ್ ಕೂಡ ಹಾಕಿದ್ದೆ, ಮೆಮೊರಿ ಪೂರ್ತಿ ಮುಗಿಯುವ ಮೊದಲೇ ಒಂದು ಪ್ರೋಗ್ರಾಮನ್ನು ಕೊಲ್ಲುವ ಕಾವಲುಗಾರ. ರ‍್ಯಾಮ್, ಸ್ವಾಪ್ ಎರಡೂ ಶೇ 10ಕ್ಕಿಂತ ಕೆಳಗಿಳಿದಾಗ ಅದು ಕತ್ತಿ ತೆಗೆಯುತ್ತದೆ. ಮೊದಲ ದಿನವೇ ಬ್ರೌಸರ್ ಬಿಟ್ಟು ಲಿಬ್ರೆ ಆಫೀಸಿನ ತಲೆ ತೆಗೆಯಿತು, ಅದೂ ತೊಂಬತ್ತು ಪುಟದ ಕರಡು ತಿದ್ದುತ್ತಿದ್ದಾಗ. ಯಾರನ್ನು ಮುಟ್ಟಬಾರದು ಎಂದು ಅವಾಯ್ಡ್ ಆಯ್ಕೆಯಲ್ಲಿ ಹೇಳಿದ ಮೇಲೆ ಸಭ್ಯವಾಗಿದೆ.

ಕೊನೆಯ ಆಸರೆಯಾಗಿ ಆಲ್ಟ್, ಪ್ರಿಂಟ್ ಸ್ಕ್ರೀನ್, ಎಫ್. ಕರ್ನೆಲ್‌ಗೇ ಹೇಳಿ ದೊಡ್ಡ ಹೊಟ್ಟೆಯವನನ್ನು ಕೊಲ್ಲಿಸುವ ಕೀಲಿ. ಎಷ್ಟು ಒತ್ತಿದರೂ ಕೆಲಸ ಮಾಡಲಿಲ್ಲ, ಕೀಲಿಮಣೆ ಕೆಟ್ಟಿದೆ ಎಂದು ಮುನ್ನೂರೈವತ್ತು ಕೊಟ್ಟು ಹೊಸದು ತಂದೆ. ಕೀಲಿಮಣೆಯದು ತಪ್ಪಿರಲಿಲ್ಲ. ಉಬುಂಟುವಿನಿಂದ ಬಂದ ಮಿಂಟ್‌ನಲ್ಲಿ, ಇಂಥ ಕೀಲಿಗಳಿಗೆ ಯಾವ ಯಾವ ಅಧಿಕಾರವಿದೆ ಎಂದು ಹೇಳುವ ಸಿಸ್‌ಆರ್‌ಕ್ಯು ಮೌಲ್ಯ 176 ಇರುತ್ತದೆ, ಅದರಲ್ಲಿ ಕೊಲ್ಲುವ ಅಧಿಕಾರದ 64 ಸೇರಿಲ್ಲ. 240 ಮಾಡಿದೆ. ಆಮೇಲೆ ಅದನ್ನು ಒತ್ತುವ ಸಂದರ್ಭವೇ ಬರಲಿಲ್ಲ.

ಇದಕ್ಕೆ ಸಂಬಂಧವಿಲ್ಲದ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಡಿಟಿಪಿಯವರ ಚಾಳಿಯಂತೆ ನನ್ನ ಬಳಿ ಸಾವಿರದ ನಾನೂರು ಫಾಂಟ್ ಇದ್ದವು, ಅದರಲ್ಲಿ ಮುನ್ನೂರು ಕನ್ನಡದವೇ. ಹೆಪ್ಪುಗಟ್ಟುವುದಕ್ಕೆ ಇವೇ ಕಾರಣವಿರಬಹುದೆಂದು ಒಂದು ಭಾನುವಾರ ಕುಳಿತು ಇನ್ನೂರು ಉಳಿಸಿ ಮಿಕ್ಕಿದ್ದನ್ನು ತೆಗೆದೆ. ಹೆಪ್ಪುಗಟ್ಟುವುದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಲಿಬ್ರೆ ಆಫೀಸ್ ಕಾಫಿ ಆರುವ ಮೊದಲೇ ತೆರೆದುಕೊಳ್ಳತೊಡಗಿತು, ಸೋಮವಾರವೇ ಒಬ್ಬರು ಹತ್ತು ವರ್ಷದ ಹಿಂದಿನ ತಮ್ಮ ತಂದೆಯ ಷಷ್ಟ್ಯಬ್ದಿ ಪತ್ರಿಕೆಯ ಅಕ್ಷರವೇ ಬೇಕೆಂದು ಬಂದರು. ಆ ಫಾಂಟ್ ಭಾನುವಾರ ಹೋಗಿತ್ತು.

ಒಟ್ಟು ಲೆಕ್ಕ ಹಾಕಿದರೆ ಮರುಮುದ್ರಣ ಸೇರಿ ಏಳೂವರೆ ಸಾವಿರ ಕೈ ಬಿಟ್ಟಿದೆ, ಯಂತ್ರದ ಬೆಲೆಯಷ್ಟೇ. ಕೆಲಸ ಮಾಡಿದ ಉಪಾಯಕ್ಕೆ ಖರ್ಚಾದದ್ದು ಸೊನ್ನೆ. ಹೋದ ವಾರ ಆ ಮೊದಲ ತಂತ್ರಜ್ಞ ಪ್ರಿಂಟರ್ ಶಾಯಿ ಕೊಡಲು ಬಂದಿದ್ದ. ಇಪ್ಪತ್ತು ಟ್ಯಾಬ್ ತೆರೆದು ತೋರಿಸಿದೆ. ಒಂದು ಟ್ಯಾಬ್ ಕಣ್ಣೆದುರೇ ಸತ್ತಿತು, ಗಡಿಯಾರ ಓಡುತ್ತಲೇ ಇತ್ತು. ಕುರ್ಚಿ ಎಳೆದುಕೊಂಡು ಕುಳಿತು ಆ ಮೂರು ಸಂಖ್ಯೆಗಳನ್ನು ಕೇಳಿದ. ಬೈಟು ಕಾಫಿ ತರಿಸಿದೆ. ಸಂಖ್ಯೆಗೆ ಐನೂರು ಎಂದೆ.