ದಪ್ಪ ದಿಮ್ಮಿಗೆ ನಡುವೆ ಹೊಡೆಯಬೇಡಿ, ಅಂಚಿನಿಂದ ಸೀಳಿ

ತೋಟದಲ್ಲಿ ಬಿದ್ದ ಮರವನ್ನು ಸೌದೆ ಮಾಡುವವರಿಗೆ ಒಂದು ಸಲಹೆ. ಎರಡು ಅಡಿ ಅಗಲದ ತುಂಡಾದರೆ ಕೊಡಲಿಯನ್ನು ನಡುಮಧ್ಯಕ್ಕೆ ಹಾಕಬೇಡಿ. ತೊಗಟೆಯಿಂದ ಮೂರ್ನಾಲ್ಕು ಇಂಚು ಒಳಗೆ ಹೊಡೆದು, ಸುತ್ತಲೂ ಚಕ್ಕೆ ಎಬ್ಬಿಸುತ್ತಾ ಬನ್ನಿ. ನಡುವೆ ಹೊಡೆದರೆ ಇಡೀ ಅಗಲ ಸೀಳಬೇಕು, ಎರಡೂ ಕಡೆಯ ಮರ ಕೊಡಲಿಯನ್ನು ಕಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಸೀಳುವುದು ಕಡಿಮೆ, ಚಕ್ಕೆ ಹೊರಗೆ ಬಾಗಲು ಜಾಗವೂ ಇದೆ. ಎಳೆ (ಮರದ ನಾರು) ನೇರವಾಗಿರುವ ಸಿಲ್ವರ್ ಓಕ್‌ಗೆ ಇಷ್ಟು ಸಾಕು. ಗಂಟಿರುವ ತುಂಡು, ಕವಲೊಡೆದ ಜಾಗ, ಎಳೆ ತಿರುಚಿದ ಮರ ಮಾತ್ರ ಇದಕ್ಕೆ ಜಗ್ಗುವುದಿಲ್ಲ. ಅಲ್ಲಿ ಸುಮ್ನೆ ರಟ್ಟೆ ನೋಯಿಸಿಕೊಳ್ಳಬೇಡಿ, ಚೈನ್‌ಸಾ ತನ್ನಿ. ತುಂಡನ್ನು ಮಲಗಿಸಿ, ಉರುಳದಂತೆ ಎರಡೂ ಬದಿ ಕಲ್ಲು ಕೊಟ್ಟು, ಬ್ಲೇಡನ್ನು ಎಳೆಯ ಉದ್ದಕ್ಕೇ ಇಟ್ಟು ತೊಗಟೆ ಕಡೆಯಿಂದ ಕೊಯ್ಯಿರಿ. ನಿಲ್ಲಿಸಿಕೊಂಡು ಮೇಲಿಂದ ಕೊಯ್ದರೆ ಬರೀ ಹುಡಿ ಬರುತ್ತದೆ, ಕೆಲಸ ಸಾಗುವುದಿಲ್ಲ. ಮಲಗಿಸಿದರೆ ಶಾವಿಗೆಯಂತೆ ಉದ್ದುದ್ದ ಎಳೆ ಬರುತ್ತದೆ, ಕೊಯ್ತ ಬೇಗ ಇಳಿಯುತ್ತದೆ. ಆದರೆ ಆ ಎಳೆಗಳೇ ಚೈನ್ ಕವರಿನೊಳಗೆ ತುಂಬಿ ಕಟ್ಟಿಕೊಳ್ಳುತ್ತವೆ. ಆಗಾಗ ಮೆಷಿನ್ ಆಫ್ ಮಾಡಿಯೇ ತೆಗೆಯಿರಿ, ಓಡುತ್ತಿರುವಾಗ ಕೈ ಹಾಕುವುದು ಬೇಡವೇ ಬೇಡ. ಪೂರ್ತಿ ಕೊಯ್ಯುವ ಅಗತ್ಯವೂ ಇಲ್ಲ, ಪೆಟ್ರೋಲ್ ದಂಡ ಅಲ್ವಾ? ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇಳಿಸಿ, ಚೈನ್‌ಸಾ ಹೊರಗೆ ತೆಗೆದು ಬೆಣೆ ಬಡಿಯಿರಿ. ಕೊಯ್ಯುವಾಗಲೇ ಬೆಣೆ ಬೇಕಾದರೆ ಮರದ್ದೇ ಇರಲಿ, ಕಬ್ಬಿಣದ್ದು ತಗುಲಿದರೆ ಚೈನಿನ ಹಲ್ಲು ಹೋಗುತ್ತದೆ. ಉದುರಿದ ಎಳೆಗಳನ್ನು ಒಣಗಿಸಿಟ್ಟುಕೊಳ್ಳಿ, ಹಂಡೆ ಒಲೆ ಹಚ್ಚಲು ಚೆನ್ನಾಗಿರುತ್ತದೆ.