ಗೋಲ್‌ಕೀಪರ್ ಕರಾರು: ಚೌಕಾಸಿಯಲ್ಲಿ ಜುಟ್ಟು ಯಾರ ಕೈಯಲ್ಲಿದೆ ಎಂದು ಅಳೆಯುವುದು ಹೇಗೆ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ತಂಡಕ್ಕೂ ಗೋಲ್‌ಕೀಪರ್‌ಗೂ ಸಂಬಳದ ಜಗ್ಗಾಟ ಶುರುವಾದಾಗಲೆಲ್ಲ ಅಭಿಮಾನಿಗಳು ಆಟದ ಅಂಕಿಅಂಶ ಹರಡಿಕೊಂಡು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಬೆಲೆ ಕುದುರುವುದು, ಒಪ್ಪಂದವಾಗದೆ ಹೋದರೆ ಯಾರಿಗೆ, ಯಾವ ದಿನದಿಂದ ನಷ್ಟ ಎಂಬುದರ ಮೇಲೆ. ಅದನ್ನು ಲೆಕ್ಕ ಹಾಕುವ ಕ್ರಮವನ್ನು 2024ರ ಬಾಸ್ಟನ್ ಬ್ರೂಯಿನ್ಸ್ ತಂಡ ಮತ್ತು ಅದರ ಗೋಲ್‌ಕೀಪರ್ ಜೆರೆಮಿ ಸ್ವೇಮನ್ ಪ್ರಕರಣದಲ್ಲಿ ನೋಡೋಣ.

ಮೊದಲು ಆಟಗಾರನ ಮೇಲಿನ ಹಕ್ಕು ಯಾರದೆಂದು ನೋಡಿ. ಸ್ವೇಮನ್ ಅವರ ಕರಾರು ಮುಗಿದಿದ್ದರೂ ಹಕ್ಕು ಬ್ರೂಯಿನ್ಸ್ ಬಳಿಯೇ ಇತ್ತು, ಅಂದರೆ ಅವರು ಬೇರೆ ತಂಡಕ್ಕೆ ಮುಕ್ತವಾಗಿ ಹೋಗುವಂತಿರಲಿಲ್ಲ.

ಎರಡನೆಯದು ಹಣ. ಬರಿಯ ಡಾಲರ್ ಹೋಲಿಸಬೇಡಿ. ಆಯಾ ವರ್ಷದ ಸಂಬಳ ಮಿತಿಯಿಂದ, ಅಂದರೆ ಒಂದು ತಂಡ ತನ್ನ ಆಟಗಾರರೆಲ್ಲರ ಸಂಬಳಕ್ಕೆ ಒಟ್ಟು ಖರ್ಚು ಮಾಡಬಹುದಾದ ಮೊತ್ತದಿಂದ, ಭಾಗಿಸಿ. 2018ರಲ್ಲಿ ಆರಂಭವಾದ ಗೋಲ್‌ಕೀಪರ್ ಕೇರಿ ಪ್ರೈಸ್ ಅವರ ಕರಾರಿನ ವಾರ್ಷಿಕ 1.05 ಕೋಟಿ ಡಾಲರ್ ಆಗಿನ ಮಿತಿಯ ಶೇ 13.2ರಷ್ಟಿತ್ತು, 2025ರಲ್ಲಿ ಆರಂಭವಾದ, ದಾಖಲೆಯೆಂದು ಸುದ್ದಿಯಾದ ಮತ್ತೊಬ್ಬ ಗೋಲ್‌ಕೀಪರ್ ಇಗೋರ್ ಶೆಸ್ಟರ್ಕಿನ್ ಅವರ 1.15 ಕೋಟಿ ಡಾಲರ್ ಕೇವಲ ಶೇ 12. ಅಂದಹಾಗೆ, ‘ಅಂದಾಜು ಸಂಬಳ’ ಹೇಳುವ ಜಾಲತಾಣಗಳನ್ನು ಗೋಲ್‌ಕೀಪರ್‌ಗಳ ವಿಷಯದಲ್ಲಿ ನೆಚ್ಚಲೇಬೇಡಿ. ಇವರ ಆಟ ವರ್ಷದಿಂದ ವರ್ಷಕ್ಕೆ ಏರುಪೇರಾಗುವಷ್ಟು ಬೇರೆ ಯಾರದ್ದೂ ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ: ಪರ್ಯಾಯ ಮತ್ತು ಪಂಚಾಂಗ ಎರಡನ್ನೂ ಒಟ್ಟಿಗೆ ಓದಬೇಕು. ಬ್ರೂಯಿನ್ಸ್ ಜೂನ್‌ನಲ್ಲೇ ತನ್ನ ಇನ್ನೊಬ್ಬ ಸಮರ್ಥ ಗೋಲ್‌ಕೀಪರ್ ಲೈನಸ್ ಉಲ್‌ಮಾರ್ಕ್ ಅವರನ್ನು ಒಟ್ಟಾವಾಕ್ಕೆ ಬಿಟ್ಟುಕೊಟ್ಟಿತ್ತು. ಬದಲಿಗೆ ಬಂದವರಲ್ಲಿದ್ದ ಯೋನಸ್ ಕೊರ್ಪಿಸಾಲೊ ಹಿಂದಿನ ಋತುವಿನಲ್ಲಿ ತಡೆದದ್ದು ಶೇ 89ರಷ್ಟು ಹೊಡೆತಗಳನ್ನು ಮಾತ್ರ. ಸ್ವೇಮನ್ ಸಹಿ ಹಾಕುವ ಮೊದಲೇ ತಂಡ ತನ್ನ ಪರ್ಯಾಯವನ್ನು ಕೈಬಿಟ್ಟಿತ್ತೆಂದು ಇದರರ್ಥ. ಹಿಂದಿನ ವರ್ಷ, ಹೊರಗಿನವರೊಬ್ಬರು ಸಂಬಳ ತೀರ್ಮಾನಿಸುವ ಮಧ್ಯಸ್ಥಿಕೆಯಲ್ಲಿ ಸ್ವೇಮನ್ ಅವರಿಗೆ 34.75 ಲಕ್ಷ ಡಾಲರ್ ನಿಗದಿಯಾಗಿತ್ತು; ಈ ಬಾರಿ ಯಾರೂ ಆ ದಾರಿ ಹಿಡಿಯದ ಕಾರಣ ತೀರ್ಮಾನ ಕ್ಯಾಲೆಂಡರ್ ಪಾಲಿಗೆ ಬಿತ್ತು. ಇಲ್ಲೊಂದು ಸೂಕ್ಷ್ಮವಿದೆ: ಲೀಗ್‌ನಲ್ಲಿ ಸಂಬಳ ಕೊಡುವುದು ಋತುವಿನ ಪಂದ್ಯಗಳ ಅವಧಿಗೆ, ಆದ್ದರಿಂದ ಸೆಪ್ಟೆಂಬರ್‌ನ ತರಬೇತಿ ಶಿಬಿರ ತಪ್ಪಿಸಿದರೆ ಆಟಗಾರನ ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ. ಋತು ಆರಂಭವಾದ ಮೇಲೆ ಅವನ ಮೇಲೂ ಒತ್ತಡ ಏರತೊಡಗುತ್ತದೆ. ಡಿಸೆಂಬರ್ 1ರೊಳಗೆ ಸಹಿ ಬೀಳದಿದ್ದರೆ ಆ ಋತುವೇ ಅವನ ಪಾಲಿಗೆ ಮುಗಿದಂತೆ. ಹಾಗಾಗಿ ಗೋಲ್‌ಕೀಪರ್‌ನ ಕೈ ಅತಿ ಮೇಲಿರುವುದು ಮೊದಲ ಪಂದ್ಯದ ಹಿಂದಿನ ವಾರದಲ್ಲಿ.

ನಾಲ್ಕನೆಯದಾಗಿ, ಬಹಿರಂಗ ಮಾತುಗಳನ್ನು ಗಮನಿಸಿ. ಸೆಪ್ಟೆಂಬರ್ ಕೊನೆಗೆ ಬ್ರೂಯಿನ್ಸ್ ಅಧ್ಯಕ್ಷ ಕ್ಯಾಮ್ ನೀಲಿ ಪತ್ರಿಕಾಗೋಷ್ಠಿಯಲ್ಲಿ 6.4 ಕೋಟಿ ಡಾಲರ್‌ನ ಪ್ರಸ್ತಾಪದ ಸುಳಿವು ಕೊಟ್ಟರು. ಅದಕ್ಕೂ ಮುನ್ನ ಆ ಮೊತ್ತ ಪ್ರಸ್ತಾಪವೇ ಆಗಿರಲಿಲ್ಲವೆಂದು ಸ್ವೇಮನ್ ಅವರ ಏಜೆಂಟ್ ಲೂಯಿಸ್ ಗ್ರಾಸ್ ತಿರುಗೇಟು ನೀಡಿದರು. ಸಂಖ್ಯೆಯನ್ನು ಬಾಯಿಬಿಟ್ಟವರು ಅದಕ್ಕಿಂತ ಕೆಳಗಿಳಿಯುವುದು ಕಷ್ಟ. ಮೊದಲ ಪಂದ್ಯಕ್ಕೆ ಎರಡು ದಿನವಿರುವಾಗ, ಅಕ್ಟೋಬರ್ 6ರಂದು, 8 ವರ್ಷಕ್ಕೆ 6.6 ಕೋಟಿ ಡಾಲರ್‌ಗೆ, ಅಂದರೆ ವರ್ಷಕ್ಕೆ 82.5 ಲಕ್ಷದಂತೆ ಆ ವರ್ಷದ ಮಿತಿಯ ಶೇ 9.4ಕ್ಕೆ, ಒಪ್ಪಂದವಾಯಿತು.

ಆ ಋತುವಿನಲ್ಲಿ ಸ್ವೇಮನ್ ಅವರ ತಡೆ ಪ್ರಮಾಣ ಶೇ 89.2ಕ್ಕೆ ಕುಸಿಯಿತು, ಬ್ರೂಯಿನ್ಸ್ ಪ್ಲೇಆಫ್ ತಲುಪಲಿಲ್ಲ. ಇದನ್ನೇ ಮುಂದಿಟ್ಟು ತಂಡ ಬೇಸ್ತುಬಿದ್ದಿತೆನ್ನುವವರು ಚೌಕಾಸಿಯ ಬಲಕ್ಕೂ ಕರಾರಿನ ಫಲಕ್ಕೂ ಗಂಟು ಹಾಕುತ್ತಿದ್ದಾರೆ. ಅಕ್ಟೋಬರ್ 6ರಂದು ತಂಡದ ಮುಂದಿದ್ದ ಪ್ರಶ್ನೆ, ಫ್ಲಾರಿಡಾ ವಿರುದ್ಧದ ಆ ಮೊದಲ ಪಂದ್ಯದಿಂದ ಮುಂದಕ್ಕೆ ಕೊರ್ಪಿಸಾಲೊ ಅವರನ್ನು ನಂಬಿ ಎಷ್ಟು ವಾರ ಆಡಬಹುದು ಎಂಬುದಾಗಿತ್ತು.